ನಲವತ್ತು ಹನಿ

ದುರ್ಗಿಗುಡಿಯ ಕನ್ನಡಕದಂಗಡಿಯ ಮೇಲೆ
ನನ್ನದೊಂದು ಕೋಣೆ. ಒಂದು ಮಂಚ, ಒಂದು ತಕ್ಕಡಿ, ಒಂದು ಒಲೆ.
ಬೆಳಿಗ್ಗೆ ಎಳ್ಳೆಣ್ಣೆಯಲ್ಲಿ ಜೇನುಮೇಣ ಕರಗಿಸುತ್ತೇನೆ,
ಪಕ್ಕದ ಪಾತ್ರೆಯಲ್ಲಿ ನೀರು, ಅದಕ್ಕೂ ಅಷ್ಟೇ ಬಿಸಿ.
ಬಿಸಿ ಸಮ ಬರದಿದ್ದರೆ ಎರಡೂ ಸೇರುವುದಿಲ್ಲ,
ಒಡೆದು ಕೂರುತ್ತವೆ, ಮಾತು ಬಿಟ್ಟ ವಾರಗಿತ್ತಿಯರ ಹಾಗೆ.

ಸೇರಿದರೆ ಬೆಣ್ಣೆ.
ಬೆಣ್ಣೆ ಆರಬೇಕು. ಕಿರುಬೆರಳು ಅದ್ದಿದರೆ
ಬೆಚ್ಚಗಿದೆ ಅನ್ನಿಸಬೇಕು, ಅಷ್ಟೇ.
ಆಮೇಲೆ ಪರಿಮಳದೆಣ್ಣೆ. ಅವಸರಪಟ್ಟು ಸುರಿದರೆ
ಕಿಟಕಿಯಿಂದ ಹಾರಿಹೋಗಿ ಇಡೀ ಬೀದಿಯ ಸೊಂಟನೋವು ವಾಸಿ,
ಡಬ್ಬಿಯಲ್ಲಿ ಬರೀ ಮೇಣ.
ನೂರು ಗ್ರಾಮಿಗೆ ನಲವತ್ತು ಹನಿ. ನಲವತ್ತೇ.
ಮುದುಕರ ಚರ್ಮಕ್ಕೆ ಅದರಲ್ಲಿ ಅರ್ಧ.

ಟೀಕಪ್ಪ ಬರುವುದು ಮಂಗಳವಾರ, ಅವನ ರಜೆ.
ಕುಂದಾಪುರದ ಬಸ್ಸು, ಹುಲಿಕಲ್ ಘಾಟಿ, ಇಪ್ಪತ್ತೆರಡು ವರ್ಷ.
ಎಡತೋಳು ಗೇರಿನದ್ದು, ಅವನದ್ದಲ್ಲ.
ಹೆಗಲೆಲುಬಿನ ಅಡಿಗೆ ಹುಣಸೆಬೀಜದಷ್ಟು ಗಂಟು,
ಹೆಬ್ಬೆರಳಿಟ್ಟರೆ ಪಕ್ಕಕ್ಕೆ ಜಾರುತ್ತದೆ
ಟಿಕೆಟ್ ತೆಗೆಯದವನು ಜಾರಿದ ಹಾಗೆ.

‘ಗಂಧ ಗಿಂಧ ಬೇಡ ಸಿಸ್ಟರ್, ಕಂಡಕ್ಟರ್ ನಗ್ತಾನೆ.’
ನಾನು ಸಿಸ್ಟರ್ ಅಲ್ಲ, ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು.
ತಿದ್ದಲಿಲ್ಲ. ಕರ್ಪೂರ ಬಿಟ್ಟೆ, ನೀಲಗಿರಿ ಬಿಟ್ಟೆ,
ಹೊಸನಗರದ ನಾಗೋಜಿ ತಾಮ್ರದ ಹಂಡೆಯಲ್ಲಿ ಇಳಿಸಿಕೊಟ್ಟ
ಮಜ್ಜಿಗೆಹುಲ್ಲಿನ ಎಣ್ಣೆ ಮಾತ್ರ.
‘ಇದು ಗಂಧ ಅಲ್ಲ, ತಂಬುಳಿ’ ಅಂದೆ.

ಮೂರನೇ ಮಂಗಳವಾರ ಅಂಗಿ ಬಿಚ್ಚುತ್ತಲೇ:
‘ಒಂದು ವಿಷಯ. ಘಾಟಿಯಲ್ಲಿ ಯಾರೂ ವಾಂತಿ ಮಾಡ್ತಿಲ್ಲ.
ಮುಂದಿನ ನಾಲ್ಕು ಸೀಟು. ಹಿಂದಿನವರು ಮಾಡ್ತಾರೆ.
ನಿಂಬೆಹಣ್ಣು ಮೂಸ್ತಾ ಕೂರ್ತಿದ್ದ ಮಾಸ್ತಿಕಟ್ಟೆ ಟೀಚರಮ್ಮ
ಹಣ್ಣು ಬ್ಯಾಗಿಗೆ ಹಾಕಿ ನಿದ್ದೆ ಹೊಡೆದ್ರು.’
‘ತೋಳು?’
‘ತೋಳು ಹಾಗೇ ಇದೆ.’
ಬೋರಲು ಮಲಗಿ, ಸ್ವಲ್ಪ ಹೊತ್ತಾದ ಮೇಲೆ, ದಿಂಬಿನೊಳಗಿಂದ:
‘ಇರ್ಲಿ, ಹಚ್ಚಿ.’

ರಾತ್ರಿ ನನ್ನ ಹೆಬ್ಬೆರಳೂ ತಿವಿಯುತ್ತದೆ.
ಬಲಗೈಗೆ ಎಡಗೈಯೇ ಡಾಕ್ಟರು.
ಎಷ್ಟು ಸೋಪು ಹಾಕಿದರೂ ಅನ್ನದಲ್ಲಿ ಲವಂಗದ ಘಾಟು,
ಮಗಳು ಕೈತುತ್ತು ಬೇಡ ಅಂತ ಚಮಚ ಎತ್ತಿಕೊಳ್ಳುತ್ತಾಳೆ.

ಮೊನ್ನೆ ಸಿದ್ದಾಪುರದಲ್ಲಿ ನಾದಿನಿಯ ಮಗುವಿನ ತೊಟ್ಟಿಲು.
ಅದೇ ಬಸ್ಸು. ಅವನು ನೋಡಲಿಲ್ಲ, ನಾನು ಕೂಗಲಿಲ್ಲ.
ಸಿಕ್ಕಿದ್ದು ಕಡೆಯ ಸೀಟು, ಕಾಲಡಿಗೆ ಸ್ಟೆಪ್ನಿ.
ಘಾಟಿಯ ಮೊದಲ ತಿರುವಿಗೇ ಹೊಟ್ಟೆ ಬಾಯಿಗೆ ಬಂತು.
ಅವನು ಗೇರು ಬದಲಿಸಿದ.
ಡೀಸೆಲ್ಲು ದಾಟಿ, ಮೀನಿನ ಖಾಲಿ ಬುಟ್ಟಿ ದಾಟಿ,
ನಿಂತವರ ಕಂಕುಳ ದಾಟಿ
ಒಂದು ಹಸಿರು ಎಳೆ ಹಿಂದಕ್ಕೆ ಬಂತು. ಇನ್ನೊಂದು ಗೇರು, ಇನ್ನೊಂದು ಎಳೆ.
ಪಕ್ಕದಲ್ಲಿದ್ದ ಹುಡುಗ ಪ್ಲಾಸ್ಟಿಕ್ ಚೀಲ ಮಡಚಿ ಜೇಬಿಗೆ ಹಾಕಿದ.

ನಾನು ಕಣ್ಣು ಮುಚ್ಚಿ ಮೂಗಿನಲ್ಲೇ ಎಣಿಸಿದೆ.
ಇಷ್ಟು ದೂರ ಬರಬಾರದಿತ್ತು.
ಎರಡು ಹನಿ ಹೆಚ್ಚಾಗಿದೆ.