ಮಂಗಳವಾರದ ನಾದ

ಹಗಲೆಲ್ಲ ಶೆಫೀಲ್ಡಿನ ಆಸ್ಪತ್ರೆಯಲ್ಲಿ ಕಿವಿ ಅಳೆಯುತ್ತೇನೆ.
ಗಾಜಿನ ಕೋಣೆ, ಹೆಡ್‌ಫೋನು,
ಕೇಳಿಸಿದರೆ ಗುಂಡಿ ಒತ್ತಿ.
ನನ್ನ ಯಂತ್ರ ಇನ್ನೂರೈವತ್ತರಿಂದ ಶುರು.
ಅದಕ್ಕೂ ಕೆಳಗೆ ಏನಿದೆಯೆಂದು ಯಾರೂ ಕೇಳುವುದಿಲ್ಲ,
ನಾನೂ ಬರೆದುಕೊಳ್ಳುವುದಿಲ್ಲ.
ನನ್ನ ಬೇಸ್ ಗಿಟಾರಿನ ದಪ್ಪ ತಂತಿ
ನಲವತ್ತೊಂದರಲ್ಲಿ ಅದುರುತ್ತದೆ,
ಕಾಗದದ ಅಂಚಿನ ಆಚೆ.

ಅಲ್ಲಿಗೊಂದು ದನಿ ಬೇಕೆಂದು ಹೊರಟದ್ದು ಜನವರಿಯಲ್ಲಿ.
ಅಟರ್‌ಕ್ಲಿಫ್‌ನ ನೆವಿಲ್‌ನ ಅಂಗಡಿ, ಹೀಟರಿನ ಪಕ್ಕದ ಸ್ಟೂಲು.
"ಎಂಥದ್ದು ಬೇಕು?" ಅಂದ.
ತುಂಬಿದ ಬಿಂದಿಗೆಯನ್ನು ಸೊಂಟದಿಂದ
ನೆಲಕ್ಕಿಳಿಸಿದಾಗ ಬರುತ್ತದಲ್ಲ, ಅದು.
ಬಿಂದಿಗೆ ಅವನಿಗೆ ಗೊತ್ತಿಲ್ಲ. ಪೀಪಾಯಿ ಅಂದೆ.
"ತುಂಬಿದ್ದೋ, ಅರ್ಧ ಕುಡಿದದ್ದೋ?"
ಪ್ರಶ್ನೆ ಸರಿಯಾಗಿಯೇ ಇತ್ತು.
ಉತ್ತರ ಹುಡುಕಲು ಒಂಬೈನೂರ ಮೂವತ್ತು ಪೌಂಡು ಹಿಡಿಯಿತು.

ಮೊದಲು ಹದಿನೈದಿಂಚಿನ ಸ್ಪೀಕರು.
ಟ್ರಾಮಿನಲ್ಲಿ ಅದಕ್ಕೊಂದು ಸೀಟು,
ಎದುರು ಕೂತ ಮಗು ಅದಕ್ಕೆ ಟಾಟಾ ಮಾಡಿತು.
ಆಮೇಲೆ ಕಂಪ್ರೆಸರ್ ಪೆಡಲು, ಅದು
ಎಲ್ಲ ಸ್ವರಕ್ಕೂ ಒಂದೇ ಸಮವಸ್ತ್ರ ತೊಡಿಸಿತು.
ಮಾರಿದೆ.
ಬ್ಯಾಟರಿ ನುಂಗುವ ಆಕ್ಟಿವ್ ಗಿಟಾರು ತಂದೆ,
ಬೆಳ್ಳಗೆ, ಹಲ್ಲು ತೋರಿಸಿಯೇ ಮಾತಾಡುವಂಥದ್ದು.
ವಾಪಸು.
ಸುತ್ತು ಕಾಣದ ಚಪ್ಪಟೆ ತಂತಿ, ನಿಕ್ಕಲ್ ತಂತಿ,
ಸೇತುವೆಯ ಕೆಳಗೆ ತುರುಕಲು ಪಾತ್ರೆ ತೊಳೆಯುವ ಸ್ಪಂಜಿನ ಚೂರು.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ನಾನು ನೆಲವನ್ನು ಕಂತಿನಲ್ಲಿ ಕೊಳ್ಳುತ್ತಿದ್ದೆ.

ವಾಕ್ಲಿಯ ನಮ್ಮ ಬೀದಿ ಒಂದೇ ಇಳಿಜಾರು,
ಮನೆಗಳು ಭುಜಕ್ಕೆ ಭುಜ ಆನಿಸಿ ನಿಂತಿವೆ.
ನಮ್ಮಿಬ್ಬರದೂ ಒಂದೇ ಗೋಡೆ:
ಈಚೆ ನಾನು, ಆಚೆ ಮಿಸೆಸ್ ಬರ್ಕಿನ್‌ಶಾ.
ಮೂವತ್ತು ವರ್ಷ ಕಾರ್ಖಾನೆಯಲ್ಲಿ ಚಮಚಕ್ಕೆ ಹೊಳಪು ಕೊಟ್ಟವಳು,
ಚಕ್ರದ ಕಿರಿಚಲಿಗೆ ಮೇಲಿನ ಸ್ವರಗಳನ್ನೆಲ್ಲ ತೆತ್ತವಳು.
ಅಳೆಯದೆಯೇ ಹೇಳಬಲ್ಲೆ, ಅವಳ ಕಿವಿಯ ನಕ್ಷೆ
ನಮ್ಮ ಬೀದಿಯ ಹಾಗೇ ಬಲಕ್ಕೆ ಜಾರುತ್ತದೆ.
ಹಕ್ಕಿ ಇಲ್ಲ, ಕೆಟಲಿನ ಸಿಳ್ಳೆ ಇಲ್ಲ,
ಮೊಮ್ಮಗಳ ಮಾತಿನಲ್ಲಿ "ಸ" ಇಲ್ಲ.

ಅವಳು ಕಸದ ಡಬ್ಬಿ ಎಳೆಯುತ್ತ ನಿಂತು ಅಂದಳು:
"ಇವತ್ತಿನದು ಕಣಜದ ಹುಳ. ನಿನ್ನೆಯದೂ ಅಷ್ಟೇ.
ಮಂಗಳವಾರ ಚೆನ್ನಾಗಿತ್ತು.
ಮಂಗಳವಾರ ನಾನು ಟಿವಿ ಆರಿಸಿದೆ."

ಮಂಗಳವಾರ!
ಯಾವ ತಂತಿ, ಯಾವ ಗುಂಡಿ, ಎಷ್ಟಕ್ಕೆ ತಿರುಗಿಸಿದ್ದೆ?
ಡೈರಿ ತೆಗೆದೆ. ರಸೀದಿ ಹುಡುಕಿದೆ.
ನೆವಿಲ್‌ಗೆ ಫೋನು ಮಾಡಿದೆ, ಅವನಿಗೆ ಶೀತ.
ಕೊನೆಗೆ ಸಿಂಕಿನ ಮುಂದೆ ಕೈ ತೊಳೆಯುವಾಗ ಉರಿಯಿತು:
ಸೋಮವಾರ ಈರುಳ್ಳಿಯ ಜೊತೆ ಹೆಚ್ಚಿಕೊಂಡ ತೋರುಬೆರಳು.
ಮಂಗಳವಾರ ನುಡಿಸಿದ್ದು ಹೆಬ್ಬೆರಳಲ್ಲಿ,
ಪಟ್ಟಿ ಸುತ್ತಿದ ಬೆರಳು ತಂತಿಗೆ ಸುಮ್ಮನೆ ಒರಗಿತ್ತು,
ನೋಯದ ಹಾಗೆ, ನಿಧಾನ,
ಒಂದೊಂದು ಸ್ವರಕ್ಕೂ ಮುಂಚೆ ಒಂಚೂರು ಹೆದರಿ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ನನಗೆ ಗೋಡೆಯೇ ಬೇಕಾಯಿತು.

ಗಾಯ ಅಷ್ಟರಲ್ಲಿ ಮಾಯುತ್ತ ಬಂದಿತ್ತು.
ಔಷಧದಂಗಡಿಯ ಹುಡುಗ "ಯಾವ ಅಳತೆಯದು?" ಅಂದ.
ಬೆರಳು ತೋರಿಸಿದೆ. ಅವನು ನೋಡಿದ. ಏನೂ ಕಾಣದೆ
ಮತ್ತೆ ನನ್ನ ಮುಖ ನೋಡಿದ.
ಒಂದು ಪೌಂಡು ಎಂಬತ್ತು.

ಗಾಯವಿಲ್ಲದ ಬೆರಳಿಗೆ ಪಟ್ಟಿ ಸುತ್ತಿ ಇವತ್ತು ಕೂತೆ.
ಪೆಡಲುಗಳು ಮಂಚದ ಕೆಳಗೆ.
ಹೆಬ್ಬೆರಳ ಮಾಂಸ, ಹಳೇ ತಂತಿ, ಸ್ಪಂಜು.
ಬಿಂದಿಗೆ ಇಳಿಯಿತು. ನೀರು ತುಳುಕಲಿಲ್ಲ.
ಗೋಡೆಯಾಚೆ ಟಿವಿಯ ಸದ್ದು ಸಣ್ಣಗಾಯಿತು,
ಪೂರ್ತಿ ಆರಲಿಲ್ಲ.

ಬೆಳಿಗ್ಗೆ ಕಸದ ಡಬ್ಬಿಯ ಹತ್ತಿರ ಅವಳು ಹೇಳುತ್ತಾಳೆ,
ಗೊತ್ತು: "ಹತ್ತಿರ ಬಂತು. ಮಂಗಳವಾರ ಅಲ್ಲ,
ಸೋಮವಾರ ರಾತ್ರಿ ಇರಬೇಕು."