ಇಪ್ಪತ್ತೈದನೇ ಬೀಜ

ತೂಬಿನಿಂದ ಆಲೆಮನೆ, ಆಲೆಮನೆಯಿಂದ ತೂಬು,
ನಾಲೆ ಏರಿಯ ಮೇಲೆ ಕೆಂಪಾಜಕ್ಕನ ಓಟ.
ಎಣಿಸುವ ಕೆಲಸ ನನ್ನದು:
ಸುತ್ತಿಗೊಂದು ಹುಣಸೆಬೀಜ
ಎಡಜೇಬಿನಿಂದ ಬಲಜೇಬಿಗೆ.
ಹುರಿದ ಬೀಜವಾದರೆ ಬಲಜೇಬಿನದನ್ನು
ಒಂದೆರಡು ಕಡಿದುಬಿಡುತ್ತಿದ್ದೆ.
ಅಷ್ಟು ಸುತ್ತು ಅವಳಿಗೆ ಹೆಚ್ಚು.

ಮೈಸೂರಲ್ಲಿ, ಹತ್ತು ಸಾವಿರ ಮೀಟರಿನ ದಿನ,
ಕೊನೇ ಸುತ್ತಿನ ಗಂಟೆ
ಒಂದು ಸುತ್ತು ಮೊದಲೇ ಬಾರಿಸಿದರು.
ಇದ್ದಬದ್ದ ಉಸಿರೆಲ್ಲ ಸುರಿದು
ಗೆರೆ ದಾಟಿ ಬಿದ್ದರು ಹುಡುಗಿಯರು.
ಅಕ್ಕ ಬೇಲಿಯತ್ತ ತಿರುಗಿದಳು.
ಬೀಜ ಎತ್ತಿ ಹಿಡಿದು ಅರಚಿದೆ:
"ಇನ್ನೊಂದದೆ ಕಣಕ್ಕಾ!"

ಓಡಿದಳು, ಒಬ್ಬಳೇ.
ಮುಂದೆ ಯಾರಿಲ್ಲ, ಹಿಂದೆ ಯಾರಿಲ್ಲ,
ಸೀಟಿ ಊದುತ್ತ ಅಡ್ಡ ಬಂದ ಒಬ್ಬ ಮೇಷ್ಟ್ರು ಬಿಟ್ಟರೆ.

ಆಮೇಲಿನದು ಪೇಪರಿನಲ್ಲಿ ಬಂದದ್ದೇ.
ಪದಕಗಳು, ರೈಲ್ವೆ ನೌಕರಿ,
ಯಾವುದೋ ಚಳಿದೇಶದಲ್ಲಿ ನಾಲ್ಕನೇ ಸ್ಥಾನ.
ಪೇಪರಿನಲ್ಲಿ ಬಾರದ್ದು ಮಂಡಿ;
ಎರಡು ಸಲ ಕೊಯ್ದರು.

ಈಗ ಮಂಡ್ಯ ಸ್ಟೇಷನ್ನಿನ ಟಿಕೆಟ್ ಕಿಂಡಿಯಲ್ಲಿ ಕೂರುತ್ತಾಳೆ.
ಏದುಸಿರಲ್ಲಿ ಬಂದವರಿಗೆ
ಚಿಲ್ಲರೆ ಕೇಳದೆ ಕೊಟ್ಟು ಕಳಿಸುತ್ತಾಳೆ.
ಪಾಳಿ ಮುಗಿಸಿ ಮೇಲ್ಸೇತುವೆ ಇಳಿವಾಗ
ಒಂದು ಕೈ ಕಂಬಿಗೆ, ಒಂದು ಕೈ ನನ್ನ ಹೆಗಲಿಗೆ.
"ಎಷ್ಟಾಯ್ತ್ಲಾ ಮೆಟ್ಲು?"
"ಹನ್ನೊಂದು."
"ಸುಳ್ಳು," ಅನ್ನುತ್ತಾಳೆ,
"ಒಂದ ತಿಂದಿದ್ದೀಯ."