ಅರ್ಧ ಆಟ

ಸೆಪ್ಟೆಂಬರಿನ ಮೂರನೇ ವಾರ, ಕ್ಲೀವ್‌ಲ್ಯಾಂಡ್.
ಸರೋವರದ ಕಡೆಯಿಂದ ಗಾಳಿ ಬಂದರೆ
ಅಂಗಿಗೆ ಉದ್ದ ತೋಳು ಬೇಕೆನಿಸುತ್ತದೆ.
ನಮ್ಮವರು ಎರಡೂವರೆ ಆಟ ಹಿಂದೆ.

ಎರಡು ಸರಿ, ಈ ಅರ್ಧ ಎಲ್ಲಿಂದ ಬಂತು,
ಅರ್ಧ ಆಟವನ್ನು ಯಾರಾದರೂ ಆಡುತ್ತಾರೆಯೆ
ಎಂದು ಲೊರೇನ್ ರಸ್ತೆಯ ನನ್ನ ಬಸ್ಸಿನಲ್ಲಿ
ಊರಿಗೆ ಹೊಸಬಳಾದ ನರ್ಸೊಬ್ಬಳು ಕೇಳಿದಳು.
ಸ್ಟಿಯರಿಂಗ್ ಬಿಡದೆ ಹೇಳಿದೆ:
ಅವರು ಆಡಿ ಸೋತ ದಿನ
ನಾವು ಸುಮ್ಮನೆ ಮನೆಯಲ್ಲಿ ಕೂತಿದ್ದರೆ
ಅದು ಅರ್ಧ.
ಏನೂ ಮಾಡದೆ ದಕ್ಕುವ ಪುಣ್ಯ.
ನಕ್ಕು, ಗಂಟೆಯ ಹಗ್ಗ ಎಳೆದು, ಇಳಿದು ಹೋದಳು.

ನನಗೆ ನಗು ಬರಲಿಲ್ಲ.
ಇಪ್ಪತ್ತಾರು ವರ್ಷದಿಂದ
ಇಂಥ ಅರ್ಧಗಳನ್ನೇ ಕೂಡಿ ಕಳೆಯುತ್ತಿದ್ದೇನೆ.
ಮುಖ ತೊಳೆಯುವ ಮೊದಲು ಪಟ್ಟಿ ನೋಡುತ್ತೇನೆ:
ಗೆಲುವು, ಸೋಲು, ಅಂತರ.
ಎಷ್ಟು ಕಟ್ಟಿದರೂ ಬಡ್ಡಿಗೇ ಹೋಗುತ್ತದೆ,
ಅಸಲು ಅಲ್ಲೇ ಇರುತ್ತದೆ.

ಪಟ್ಟಿಯಲ್ಲಿ ನಮಗಿಂತ ಮೇಲಿರುವುದು ಡೆಟ್ರಾಯಿಟ್.
ಮನೆಯಲ್ಲಿ ನನಗಿಂತ ಮೇಲಿರುವವನೂ
ಡೆಟ್ರಾಯಿಟಿನವನೇ, ಎಮರಿ ಕ್ಲೂಸಾಕ್,
ಮಹಡಿಯ ಬಾಡಿಗೆದಾರ,
ಬೂಟು ಹದಿಮೂರನೇ ನಂಬರು.
ಅವನ ಟಿವಿ ನನಗೆ ಕೇಳಿಸುವುದಿಲ್ಲ,
ಕಾಲು ಕೇಳಿಸುತ್ತದೆ.
ಧಡ್ ಅಂದರೆ ಒಂದು ರನ್.
ಧಡಧಡ ಅಂದರೆ ಬೇಸುಗಳಲ್ಲಿ ನಿಂತವರೆಲ್ಲ
ಒಟ್ಟಿಗೆ ಮನೆ ಸೇರಿದರು ಅಂತ;
ಕಳೆದ ಗುರುವಾರ ಹಾಗಾದಾಗ
ನನ್ನ ಸೂಪಿನ ಬಟ್ಟಲಿಗೆ ಸುಣ್ಣ ಉದುರಿತು.
ಮೌನ ಅಂದರೆ
ನಾನು ಎದ್ದು ಇನ್ನೊಂದು ಬಿಯರ್ ತೆಗೆಯುತ್ತೇನೆ.

ಈ ತಿಂಗಳು ನಾನು ಒಳ್ಳೆಯವಳಲ್ಲ.
ಕನ್ಸಾಸ್ ಸಿಟಿಯ ಹುಡುಗರ ಹೆಸರೂ ಗೊತ್ತಿಲ್ಲ,
ಡೆಟ್ರಾಯಿಟನ್ನು ಸೋಲಿಸಲಿ ಅಂತ
ಅವರಿಗಾಗಿ ಮುಷ್ಟಿ ಬಿಗಿದು ಕೂರುತ್ತೇನೆ.
ಯಾರದೋ ಮಗನ ಮೊಣಕೈ ನೋಯಲಿ,
ಸ್ವಲ್ಪವೇ, ಹತ್ತು ದಿನಕ್ಕೆ ಸಾಕು,
ಅಂತ ಕೂಡ ಬೇಡಿಕೊಂಡಿದ್ದೇನೆ.
ಬೇಡಿಕೊಂಡು ಹಲ್ಲುಜ್ಜಿ ಮಲಗಿದ್ದೇನೆ.

ಡಿಪೋದ ಮೆಕ್ಯಾನಿಕ್ ಓರ್ವಿಲ್
ಎಲ್ಲವನ್ನೂ ಪಿಚರುಗಳ ತಲೆಗೆ ಕಟ್ಟುತ್ತಾನೆ.
ನನಗೆ ಮೇ ತಿಂಗಳ ಒಂದು ಮಂಗಳವಾರ ನೆನಪಾಗುತ್ತದೆ.
ಮೈದಾನದಲ್ಲಿ ಎಣಿಸುವಷ್ಟು ಜನ, ಚಳಿ,
ಮೂರು ರನ್ ಮುಂದಿದ್ದೆವು.
ಎಡ ಅಂಚಿನಲ್ಲಿ ನಿಂತ ಹುಡುಗ
ಮಗುವೂ ಹಿಡಿಯಬಹುದಾದ ಚೆಂಡನ್ನು
ದೀಪದ ಬೆಳಕಿನಲ್ಲಿ ಕಳೆದುಕೊಂಡ.
ಕಡಲೆಕಾಯಿ ಸುಲಿಯುತ್ತ ನಾನಂದೆ,
ಇನ್ನೂ ನೂರಿಪ್ಪತ್ತು ಆಟ ಇದೆ, ಬಿಡು.
ಆ ಸೋಲು ಅವತ್ತು ಮುಟ್ಟಲಿಲ್ಲ,
ದಾರಿಯಲ್ಲಿತ್ತು.
ನಾಲ್ಕು ತಿಂಗಳು ನಡೆದು
ಈಗ ನನ್ನ ಬಾಗಿಲಿಗೆ ಬಂದಿದೆ.

ಕೊನೆಯ ವಾರ ಅರ್ಧ ಅರ್ಧವಾಗಿ ತೇದು ತೇದು
ಶನಿವಾರ ರಾತ್ರಿಗೆ ಸಮಸಮ.
ಭಾನುವಾರ ಒಂದೇ ಹೊತ್ತಿಗೆ ಎಲ್ಲರ ಆಟ.
ನಮ್ಮ ಕೊನೆಯವನು ಎತ್ತಿದ ಚೆಂಡು
ರೇಡಿಯೋದವನ ದನಿಯೊಂದಿಗೆ ಏರಿ ಏರಿ
ಗೋಡೆಯ ತನಕ ಹೋಗಿ
ಅಲ್ಲಿ ಕಾದಿದ್ದ ಕೈಗೆ ಬಿತ್ತು.
ಮೂರು, ಎರಡು. ಮುಗಿಯಿತು.

ಇನ್ನು ಉಳಿದದ್ದು ಚಾವಣಿ.
ಕತ್ತೆತ್ತಿ ಕೂತೆ.
ಐದು ನಿಮಿಷ. ಹತ್ತು.
ಒಂದು ಧಡ್ ಇಲ್ಲ.
ಲೆಕ್ಕದ ಪ್ರಕಾರ ಮೌನ ನನಗೆ ಒಳ್ಳೆಯದು.
ಬಿಯರ್ ತೆಗೆದೆ,
ಕಸದ ಚೀಲ ಹಿಡಿದು ಹೊರಗೆ ಬಂದೆ.

ಮೆಟ್ಟಿಲ ಮೇಲ್ತುದಿಯಲ್ಲಿ, ಅವನ ಬಾಗಿಲ ಹೊರಗೆ,
ಮೂರು ವರ್ಷದಲ್ಲಿ ಒಮ್ಮೆಯೂ ಕಾಣದ ಹಾಗೆ,
ಆ ಎರಡು ಬೂಟು.
ಲೇಸು ಬಿಚ್ಚಿ, ಜೋಡಿಸಿ ಇಟ್ಟಿದ್ದ.
ಒಳಗೆ ಕಾಲುಚೀಲದಲ್ಲಿ
ಮೆಲ್ಲಗೆ ಓಡಾಡುತ್ತಿದ್ದಾನೆ ಮನುಷ್ಯ.

ಸ್ಕೋರು ಗೊತ್ತಾಯಿತು.

ಕೈಯಲ್ಲಿದ್ದ ಬಿಯರನ್ನು
ಆ ಬೂಟಿನ ಪಕ್ಕ ಇಡಬೇಕೆನಿಸಿತು.
ಇಡಲಿಲ್ಲ.
ಅಕ್ಟೋಬರಿಗೆ ಇನ್ನೂ ಎರಡು ದಿನ ಇತ್ತು.